ಸಂಪಾದನೋತ್ಸವದ ಮಾರನೇ ದಿನ

ಕಾಲೇಜುಗಳಲ್ಲಿ ವಿಕಿಪೀಡಿಯ ಸಂಪಾದನೋತ್ಸವ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಲೇಖನ ಬರೆಯುವ, ತಿದ್ದುವ ಕಾರ್ಯಕ್ರಮ, ನಡೆಸುವವರಲ್ಲಿ ಒಂದು ವಿನಂತಿ. ಸಂಜೆಯ ಹೊತ್ತಿಗೆ ಎಷ್ಟು ಲೇಖನ ಆಯಿತೆಂದು ಎಣಿಸಬೇಡಿ. ತಿಂಗಳಾದ ಮೇಲೆ ಎಷ್ಟು ಜನ ತಾವಾಗಿಯೇ ಬಂದು ಒಂದು ಸಾಲನ್ನಾದರೂ ತಿದ್ದಿದ್ದಾರೆ, ಅದನ್ನು ಎಣಿಸಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇಂದಿಗೂ ಉಸಿರಾಡುತ್ತಿರುವುದು ಹಾಗೆ ಮರಳಿ ಬಂದವರಿಂದ. 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಯೋಜನೆಯಿಂದ ಉದ್ದುದ್ದ ಲೇಖನಗಳು ಬಂದವು. ಯೋಜನೆ ಮುಗಿಯಿತು, ಅನುವಾದಕರು ಹೋದರು, ತೊಡಕು ವಾಕ್ಯಗಳನ್ನು ತಿದ್ದುವ ಕೆಲಸ ಉಳಿದ ಕೆಲವೇ ಸ್ವಯಂಸೇವಕರ ಹೆಗಲಿಗೆ ಬಿತ್ತು.

ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ) ವಿಕಿಪೀಡಿಯದಲ್ಲಿ 24 ಗಂಟೆಯಲ್ಲಿ 6 ಖಾತೆ ಮಾತ್ರ ತೆರೆಯಬಹುದು. ಇಡೀ ಕಾಲೇಜಿನ ವೈಫೈ ಹೊರಗಿನವರಿಗೆ ಒಂದೇ ವಿಳಾಸವಾಗಿ ಕಾಣುವುದರಿಂದ ಏಳನೆಯ ವಿದ್ಯಾರ್ಥಿ ಬಾಗಿಲಲ್ಲೇ ನಿಲ್ಲುತ್ತಾನೆ. ಹಿಂದಿನ ದಿನವೇ ಅವರವರ ಮನೆಯಿಂದ ಖಾತೆ ತೆರೆದು ಬರಲು ಹೇಳಿ. ಖಾತೆ ಒಬ್ಬರಿಗೊಂದು, ಮೂವರು ಹಂಚಿಕೊಂಡರೆ ತಪ್ಪು ಯಾರದೆಂದು ತಿಳಿಯದು, ತಿದ್ದಿ ಹೇಳಲೂ ಆಗದು.

ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದಲ್ಲಿ, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯುನಿಕೋಡ್ ಸಂಕೇತದಲ್ಲಲ್ಲದೆ ಟೈಪ್ ಮಾಡಿದ ಹಳೆಯ ಕಡತವನ್ನು ಹಾಗೇ ಅಂಟಿಸಿದರೆ ಪುಟದ ತುಂಬ ಅರ್ಥವಿಲ್ಲದ ಅಕ್ಷರ. ನೋಡಿದವರು ಕಿಡಿಗೇಡಿತನವೆಂದು ಅಳಿಸುತ್ತಾರೆ, ಬರೆದವನಿಗೆ ಯಾಕೆಂದೇ ಗೊತ್ತಾಗುವುದಿಲ್ಲ. ಮೊದಲು ಯುನಿಕೋಡಿಗೆ ಪರಿವರ್ತಿಸಿ. ಪತ್ರಿಕೆಯಿಂದ ನಕಲು ಮಾಡಿದ್ದಂತೂ ಉಳಿಯುವುದೇ ಇಲ್ಲ, ಅದು ಹಕ್ಕುಸ್ವಾಮ್ಯದ ಪ್ರಶ್ನೆ.

ಹೊಸಬರಿಗೆ ಹೊಸ ಲೇಖನವನ್ನೇ ಮೊದಲ ಕೆಲಸವಾಗಿ ಕೊಡಬೇಡಿ. ಈಗಾಗಲೇ ಇರುವ ಲೇಖನಕ್ಕೆ ಒಂದು ಉಲ್ಲೇಖ, ಅಂದರೆ ಮಾಹಿತಿಯ ಆಧಾರ, ಸೇರಿಸಲಿ. ಐದು ಜನಕ್ಕೊಬ್ಬ ಅನುಭವಿ ಪಕ್ಕದಲ್ಲಿ ಕೂತರೆ ಅರ್ಧ ಗಂಟೆಯ ಕೆಲಸ. ಆಮೇಲೆ ಪ್ರಯೋಗಪುಟ, ಅಂದರೆ ಬರೆದು ಅಭ್ಯಾಸ ಮಾಡುವ ಪುಟ. ಹೆಚ್ಚು ಬೈಟ್ ಸೇರಿಸಿದವರಿಗೆ ಬಹುಮಾನ ಇಟ್ಟರೆ ಯಂತ್ರಾನುವಾದ ತಂದು ಸುರಿಯುತ್ತಾರೆ. ಬಹುಮಾನ ಕೊಡಲೇಬೇಕೆಂದಿದ್ದರೆ ಒಳ್ಳೆಯ ಉಲ್ಲೇಖಗಳಿಗೆ ಕೊಡಿ.

ಜನ ಬಿಟ್ಟುಹೋಗುವುದು ಹೆಚ್ಚಾಗಿ ಮಾರನೇ ದಿನ. ರಾತ್ರಿಯೆಲ್ಲ ಬರೆದ ಪ್ಯಾರಾವನ್ನು ಯಾರೋ ಕಾರಣ ಹೇಳದೆ ರದ್ದು ಮಾಡಿರುತ್ತಾರೆ. ತೆಗೆದದ್ದು ಸರಿಯೇ ಇರಬಹುದು, ಆದರೆ ಮೌನ ಸರಿಯಲ್ಲ. ಅವರ ಚರ್ಚೆಪುಟದಲ್ಲಿ ಸಿದ್ಧ ಎಚ್ಚರಿಕೆಯ ಡಬ್ಬಿ ಹಾಕುವ ಬದಲು ಕೈಯಾರೆ ಬರೆಯಿರಿ: "ನಮಸ್ಕಾರ. ನಿಮ್ಮೂರಿನ ಕೆರೆಯ ಬಗ್ಗೆ ಬರೆದದ್ದು ಉಪಯುಕ್ತ. ಎರಡನೇ ಪ್ಯಾರಾಕ್ಕೆ ಆಧಾರ ಇರಲಿಲ್ಲ, ಅದಕ್ಕೆ ತೆಗೆದೆ. ಗೆಜೆಟಿಯರಿನ ಪುಟಸಂಖ್ಯೆ ಕೊಟ್ಟು ಮತ್ತೆ ಹಾಕಿ." ಒಳ್ಳೆಯದೇನು, ಕೊರತೆಯೇನು, ಸರಿಪಡಿಸುವುದು ಹೇಗೆ, ಮೂರೂ ಬಂದವು. ಎರಡು ನಿಮಿಷದ ಕೆಲಸ.

ಹಳಬರ ಜಗಳ ಬೇರೆ ಬಗೆಯದು. ಊರಿನ ಹೆಸರಿನ ಕಾಗುಣಿತಕ್ಕೆ ಇಬ್ಬರು ಹಗ್ಗಜಗ್ಗಾಟಕ್ಕೆ ಇಳಿಯುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬರು ಒಂದು ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿ ರದ್ದು ಮಾಡುವಂತಿಲ್ಲ. ನನ್ನ ಪ್ರಕಾರ ಮೂರೂ ಜಾಸ್ತಿಯೇ. ಎರಡನೇ ಸಲಕ್ಕೇ ಕೈ ತಡೆದು ಆ ಲೇಖನದ ಚರ್ಚೆಪುಟಕ್ಕೆ ಹೋಗಬೇಕು. ಎಲ್ಲ ಲೇಖನಗಳಿಗೂ ತಟ್ಟುವ ವಿಷಯವಾದರೆ ಅರಳಿ ಕಟ್ಟೆಗೆ, ಅಂದರೆ ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟಕ್ಕೆ, ತನ್ನಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ತೀರ್ಮಾನಿಸಬೇಡಿ. ಮುಂದಿನ ವರ್ಷ ಬರುವ ಹುಡುಗಿಗೆ ಆ ಮಾತುಕತೆ ಕಾಣುವುದಿಲ್ಲ, ಅದೇ ಹೆಸರನ್ನು ಅವಳು ಮತ್ತೆ ಬದಲಿಸುತ್ತಾಳೆ, ಅವಳ ತಿದ್ದುಪಡಿಯೂ ರದ್ದಾಗುತ್ತದೆ.