ನಾಳ ಅಂದ್ರ ಪೈಪ್ ಅಲ್ರಪೋ

ಇವತ್ತು ಮುಂಜಾನೆ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಟೇಬಲ್, ಹಿಂದೊಂದು ಬ್ಯಾನರ್. ಬ್ಯಾನರಿನಲ್ಲಿ ಹೃದಯ, ಹೃದಯದಿಂದ ಹೊರಟ ನಳದ ಪೈಪು, ಪೈಪಿನೊಳಗೆ ಹಳದಿ ಕೆಸರು. "ಕಾಕಾ, ಮೂರು ತಿಂಗಳು ಕುಡೀರಿ. ಒಳಗಿನ ಕಸ ಎಲ್ಲಾ ತೊಳಕೊಂಡು ಹೋಗ್ತದ. ಬೀಪಿ ಗುಳಿಗಿ ಬಿಟ್ಟುಬಿಡ್ರಿ." ಕಾಕಾ ಕಿಸೆಯಿಂದ ರೊಕ್ಕ ತೆಗೆದು ಎರಡು ಸಲ ಎಣಿಸಿ ಕೊಟ್ಟರು, ಬಾಟಲಿಯನ್ನ ಕೈಚೀಲದಾಗ ಜ್ವಾಪಾನವಾಗಿ ಇಟ್ಟುಕೊಂಡು ಹೋದರು. ಒಳಗೇನದ? ವಾಟ್ಸಾಪಿನಲ್ಲಿ ವರ್ಷಗಟ್ಟಲೆ ಸುತ್ತುತ್ತಿರೋದೇ: ಶುಂಠಿ, ಬೆಳ್ಳುಳ್ಳಿ, ನಿಂಬೆ, ಸೇಬಿನ ವಿನೆಗರ್, ಜೇನು.

ಇಂಥದ್ದು ನೋಡಿ ಸುಮ್ಮನಿರೋ ಜಾತಿ ನಂದಲ್ಲ.

"ನಾಳ ಕ್ಲೀನ್" ಅನ್ನೋ ಮಾತೇ ಬುಡದಲ್ಲಿ ತಪ್ಪು. ಕೊಬ್ಬು ನಾಳದ ಒಳಮೈಗೆ ಮೆತ್ತಿಕೊಂಡಿರೋದಿಲ್ಲ, ಗೋಡೆಯೊಳಗೆ ಕೂತಿರುತ್ತದೆ. ರಕ್ತನಾಳಕ್ಕೆ ಒಳಗಡೆ ಒಂದು ಪದರ ಉಂಟು, ಎಂಡೋಥೀಲಿಯಂ ಅಂತ. ಒಂದೇ ಒಂದು ಜೀವಕೋಶದಷ್ಟು ದಪ್ಪ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಉಣ್ಣೋ ಊರಿನವರಿಗೆ ಲೈನಿಂಗ್ (ಕಾಲುವೆ ಒಳಮೈಗೆ ಹಾಕೋ ಕಾಂಕ್ರೀಟ್ ಪದರ) ಅಂದರೆ ತಿಳಿಸಿ ಹೇಳೋದು ಬೇಕಿಲ್ಲ. ಈ ಲೈನಿಂಗ್ ಕೆಟ್ಟಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಅದರಡಿ ಇಳಿಯುತ್ತದೆ, ಅಲ್ಲೇ ಕೆಡುತ್ತದೆ, ಅದನ್ನ ತಿನ್ನಲು ಬಂದ ಬಿಳಿ ರಕ್ತಕಣ ಹೊಟ್ಟೆ ಬಿರಿಯ ತಿಂದು ಅಲ್ಲೇ ಬೀಳುತ್ತದೆ. ಕೊಬ್ಬಿನ ಗಡ್ಡೆ ಬೆಳೆಯೋದು ಹೀಗೆ. ಸವಳು ಕೆಳಗಿನಿಂದ ಏಳುವ ಹೊಲದ ಮೇಲ್ಮಣ್ಣು ತೊಳೆದರೆ ಏನು ಬಂತು? ಇನ್ನು ನಿಂಬೆಹುಳಿ, ವಿನೆಗರು ನಾಳದ ತನಕ ಹುಳಿಯಾಗಿ ಹೋಗೋದೇ ಇಲ್ಲ. ರಕ್ತ ತನ್ನ ಪಿಎಚ್ಚನ್ನು (ಹುಳಿ-ಕ್ಷಾರದ ಅಳತೆ) 7.35ರಿಂದ 7.45ರೊಳಗೇ ಹಿಡಿದಿಟ್ಟುಕೊಳ್ಳುತ್ತದೆ.

ಕಾಲುವೆ ಹೋಲಿಕೆಯೂ ಅರ್ಧದ ತನಕ ಮಾತ್ರ ಸರಿ. ಕಾಂಕ್ರೀಟಿಗೆ ಜೀವ ಇಲ್ಲ, ಇದಕ್ಕೆ ಉಂಟು. ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡಿನ ಮೇಲೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹಾಕಿ ನೋಡುತ್ತಿದ್ದರು. ಒಮ್ಮೆ ನಾಳ ಬಿಗಿಯಿತು, ಇನ್ನೊಮ್ಮೆ ಸಡಿಲಾಯಿತು. ಕಾರಣ ಹುಡುಕಿದರೆ, ತುಂಡು ಕತ್ತರಿಸುವಾಗ ಒಳಪದರ ಉಜ್ಜಿಹೋಗಿದ್ದ ಕಡೆ ಬಿಗಿ, ಪದರ ಉಳಿದ ಕಡೆ ಸಡಿಲ. 1980ರಲ್ಲಿ ಇದು ಅಚ್ಚಾಯಿತು. ಆ ಪದರ ಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ತಿಳಿಯಿತು, 1998ರಲ್ಲಿ ಫರ್ಚ್‌ಗಾಟ್ ಜೊತೆ ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಂತು. ಈ ಅನಿಲ ಬದುಕೋದು ಕೆಲವೇ ಸೆಕೆಂಡು. ಅಷ್ಟರಲ್ಲಿ ಪಕ್ಕದ ಸ್ನಾಯುವನ್ನು ಸಡಿಲಿಸಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಅಂಟದಂತೆ ತಡೆದು ಮುಗಿದೇ ಹೋಗುತ್ತದೆ. ಹಾಗಾಗಿ ಅದನ್ನ ಕ್ಷಣಕ್ಷಣಕ್ಕೂ ಹೊಸದಾಗಿ ತಯಾರಿಸುತ್ತಲೇ ಇರಬೇಕು. ಬಾಟಲಿಯಲ್ಲಿ ತುಂಬಿಡೋ ಮಾಲಲ್ಲ.

ವಯಸ್ಸಾದಂತೆ ಈ ತಯಾರಿಕೆ ಇಳಿಯುತ್ತದೆ. ಗಂಡಸರಲ್ಲಿ ನಲವತ್ತರ ಸುಮಾರಿಗೆ ಇಳಿಯಲು ಸುರು. ಹೆಂಗಸರಲ್ಲಿ ಮುಟ್ಟು ನಿಲ್ಲುವ ಹೊತ್ತಿಗೆ, ಆದರೆ ಆಮೇಲೆ ಭರಭರನೆ.

ಪದರಕ್ಕೆ ಕೆಲಸ ಮಾಡು ಅಂತ ಹೇಳೋದು ಹರಿಯುವ ರಕ್ತದ ಉಜ್ಜುವಿಕೆ. ಬಿರುಸಾಗಿ ನಡೆದಾಗ ಹರಿವು ಏರುತ್ತದೆ, ನೈಟ್ರಿಕ್ ಆಕ್ಸೈಡ್ ಹೊರಬೀಳುತ್ತದೆ. ಮೂರು ತಾಸು ಅಲುಗದೆ ಕೂತರೆ ಕಾಲಿನ ನಾಳದ ಹಿಗ್ಗುವ ಶಕ್ತಿ ಕುಗ್ಗುತ್ತದೆ, ತಾಸಿಗೊಮ್ಮೆ ಎದ್ದು 5 ನಿಮಿಷ ನಡೆದರೆ ಉಳಿಯುತ್ತದೆ. ಗಂಜ್ ಮಾರ್ಕೆಟ್ಟಿನಲ್ಲಿ ಗಾದಿ ಮೇಲೆ ದಿನವಿಡೀ ಕೂರೋ ಸಾವ್ಕಾರ್ರು ಇದನ್ನ ಎರಡು ಸಲ ಓದಿ. ವಾರಕ್ಕೆ 150 ನಿಮಿಷ ಸಾಕು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ, ರಾಯಚೂರು ಇದು.

ಉಪ್ಪಿನ ಲೆಕ್ಕ ಯಾರೂ ಇಡೋದಿಲ್ಲ, ಇಡೋಣ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ನಾಲ್ಕು ಮಂದಿಗೆ 20 ಗ್ರಾಂ. ಒಂದು ಕಿಲೋ ಪಾಕೀಟು 50 ದಿನ ಬರಬೇಕು. ಅದೂ ಉಪ್ಪಿನಕಾಯಿ, ಸಂಡಿಗೆ, ಹಪ್ಪಳ, ಹೋಟೆಲಿನದು ಎಲ್ಲಾ ಸೇರಿ. ನಿಮ್ಮ ಮನೆಯ ಪಾಕೀಟಿನ ಮೇಲೆ ತಾರೀಕು ಬರೆದು ನೋಡಿ, ತಿಂಗಳು ದಾಟಿದರೆ ಹೇಳಿ. ಹೆಚ್ಚಿನ ಉಪ್ಪು ಬೀಪಿ ಏರದವರಲ್ಲೂ ಈ ಪದರದ ಕೆಲಸ ಕೆಡಿಸುತ್ತದೆ.

ಈ ಪದರಕ್ಕೆ ಆಗದ ಇನ್ನೊಂದು, ಮಿರ್ಚಿ ಬಂಡಿಯ ಬಾಣಲೆಯ ಎಣ್ಣೆ. ಎಣ್ಣೆ ಕಪ್ಪಾಗಿ, ಅಂಟಾಗಿ, ನೊರೆ ಎದ್ದು, ಹಾಕುವ ಮೊದಲೇ ಹೊಗೆಯಾಡಿದರೆ ಅದರ ಆಯುಸ್ಸು ಮುಗೀತು. ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಕಾದು ಕಾದು ಎಣ್ಣೆ ಕೆಟ್ಟಾಗ ಹುಟ್ಟೋದು) ನೂರಕ್ಕೆ 25 ದಾಟಿದರೆ ಚೆಲ್ಲಬೇಕು ಅಂತ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ನಮ್ಮ ಕಡೆ ಚೆಲ್ಲೋದಿಲ್ಲ, ಮೇಲೊಂದಿಷ್ಟು ಹೊಸದು ಸುರೀತಾರೆ. (ಮಂಡಾಳು ಒಗ್ಗರಣೆ ಜೊತೆ ಮಿರ್ಚಿ ಬಿಡೋದು ನನ್ನಿಂದಲೂ ಆಗಿಲ್ಲ. ಬಾಣಲೆ ಇಣುಕಿ ನೋಡಿ ತಿನ್ನೋ ತನಕ ಬಂದೀನಿ, ಅಷ್ಟೇ.) ತಂಬಾಕು ತಿಕ್ಕೋರು "ನಂದು ಹೊಗೆ ಇಲ್ರೀ" ಅಂತಾರೆ. ಹೊಗೆ ಇರದಿದ್ದರೂ ನಿಕೋಟಿನ್ ರಕ್ತಕ್ಕೇ ಇಳೀತದ, ಮಾಲಕ್ರ.

"ಬೆಳ್ಳುಳ್ಳಿಯಿಂದ ಬೀಪಿ ಇಳೀತದ ಅಂತ ಇಂಗ್ಲಿಷಿನವರೇ ಬರೆದಾರಲ್ಲ" ಅಂತ ಕಾಮೆಂಟು ಬರೋದು ಖಾತ್ರಿ. ಇಳಿಯುತ್ತದೆ, ತುಸು. ಚಟ್ನಿಯಲ್ಲಿ ತಿನ್ನಿ, ಬ್ಯಾಡ ಅಂದವರ್ಯಾರು? ಆ ತುಸು ನಂಬಿ ಗುಳಿಗೆ ಬಿಡಬೇಡಿ. ಬೀಟಾ ಬ್ಲಾಕರ್ ಅನ್ನೋ ಬೀಪಿ ಗುಳಿಗೆಯಂಥದ್ದನ್ನ ತಟ್ಟನೆ ನಿಲ್ಲಿಸಿದರೆ ಬೀಪಿ ಜಿಗಿಯುತ್ತದೆ, ಎದೆನೋವೂ ಬರಬಹುದು. ಕಾಕಾ ನುಂಗುತ್ತಿದ್ದ ಗುಳಿಗೆ ಯಾವುದು ಅಂತ ಟೇಬಲಿನವನು ಕೇಳಲಿಲ್ಲ. ಅವನು ಕಾಕಾನ ಬೀಪಿ ನೋಡಿದ್ದೂ ಹೆಂಗ? ನಿಂತ ನಿಲುವಿನಲ್ಲೇ, ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿ, ಮಾತಾಡಿಸುತ್ತಾ. 5 ನಿಮಿಷ ಸುಮ್ಮನೆ ಕೂರಿಸಬೇಕು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಬರಿ ತೋಳು ಎದೆಮಟ್ಟಕ್ಕೆ. ಅರ್ಧ ತಾಸು ಮುಂಚೆ ಚಾ, ತಂಬಾಕು ಇಲ್ಲ. ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು.

ಇನ್ನೊಂದು ಮಾತು, ಗಂಡಸರಿಗೆ. ಹಾಸಿಗೆಯಲ್ಲಿ ಸೋಲು ಸುರುವಾದರೆ ರಸ್ತೆಬದಿ ಟೆಂಟಿಗೆ ಓಡಬೇಡಿ. ಜನನಾಂಗದ ನಾಳ 1–2 ಮಿಲಿಮೀಟರು ಅಗಲ, ಹೃದಯದ್ದು 3–4. ಸಣ್ಣ ನಾಳವೇ ಮೊದಲು ಸೋಲೋದು. ಎಷ್ಟೋ ಮಂದಿಗೆ ಎದೆನೋವಿಗಿಂತ ವರ್ಷಗಳ ಮೊದಲೇ ಈ ಸೂಚನೆ ಬಂದಿರುತ್ತದೆ. ಬೀಪಿ, ಸಕ್ಕರೆ, ಎಲ್‌ಡಿಎಲ್ ನೋಡಿಸಿ. ಎದೆನೋವಿಗೆ ನಾಲಿಗೆ ಕೆಳಗೆ ಗುಳಿಗೆ ಇಟ್ಟುಕೊಳ್ಳೋರು ಯಾರದೋ ಮಾತು ಕೇಳಿ ಸಿಲ್ಡೆನಾಫಿಲ್ (ವಯಾಗ್ರಾ ಗುಳಿಗೆ) ನುಂಗಲೇಬಾರದು. ಎರಡೂ ಒಂದೇ ನೈಟ್ರಿಕ್ ಆಕ್ಸೈಡ್ ದಾರಿಯಲ್ಲಿ ಕೆಲಸ ಮಾಡಿ ಬೀಪಿಯನ್ನು ಪಾತಾಳಕ್ಕೆ ಇಳಿಸುತ್ತವೆ.

ಕಾಕಾ ಹೋದ ಮೇಲೆ ನಾನೂ ಒಂದು ಬಾಟಲಿ ಕೈಗೆತ್ತಿಕೊಂಡು ಚೀಟಿ ಓದಿದೆ. ಹಿಂಬದಿ, ಕೆಳಗೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ: "ಔಷಧ ಸೇವಿಸುವಾಗ ಉಪ್ಪು, ಕರಿದದ್ದು, ತಂಬಾಕು ವರ್ಜ್ಯ. ದಿನಾಲು ಅರ್ಧ ತಾಸು ನಡೆಯಬೇಕು."