ಇಲ್ಲಿ ಗೋಡೆಗೆ, ನಮ್ಮಲ್ಲಿ ಗುಜರಿಗೆ

ಹಳೆಯ ನಂಬರ್ ಪ್ಲೇಟು ಕೂಡಿಡುವವರಿಗೆಂದೇ ಅಮೆರಿಕದಲ್ಲಿ 1954ರಿಂದ ಒಂದು ಸಂಘ ಇದೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸತರಲ್ಲಿ ಈ ಹುಚ್ಚು ನನಗೆ ಅರ್ಥವಾಗಿರಲಿಲ್ಲ. ಗಾಡಿಯೇ ಹೋದ ಮೇಲೆ ಅದರ ತಗಡು ಇಟ್ಟುಕೊಂಡು ಏನು ಮಾಡುವುದು? ಒಂದೆರಡನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ನನಗೂ ರುಚಿ ಹತ್ತಿತು. ಜೊತೆಗೆ ಹೊಟ್ಟೆಯಲ್ಲೊಂದು ಸಂಕಟವೂ ಶುರುವಾಯಿತು. ನಮ್ಮ ಕರ್ನಾಟಕದ ಹಳೆಯ ಪ್ಲೇಟುಗಳಲ್ಲಿ ಇದಕ್ಕಿಂತ ಹೆಚ್ಚಿನ ಇತಿಹಾಸ ಇದೆ, ಅವು ನಮ್ಮ ಕಣ್ಣೆದುರೇ ಕರಗಿಹೋಗುತ್ತಿವೆ.

ವ್ಯತ್ಯಾಸ ಇರುವುದು ಪದ್ಧತಿಯಲ್ಲೇ. ನಮ್ಮಲ್ಲಿ ಗಾಡಿಗೆ ಒಮ್ಮೆ ಬಿದ್ದ ನಂಬರು ಸಾಮಾನ್ಯವಾಗಿ ಕೊನೆಯವರೆಗೂ ಅದರದ್ದೇ. ಮಾಲೀಕರು ನಾಲ್ಕು ಜನ ಬದಲಾದರೂ ನಂಬರು ಅದೇ. ಅಮೆರಿಕದ ರಾಜ್ಯಗಳಲ್ಲಿ ಹಾಗಲ್ಲ. ಬಹಳ ಕಾಲ ಅಲ್ಲಿ ವರ್ಷಕ್ಕೊಂದು ಹೊಸ ಪ್ಲೇಟು ಕೊಡುತ್ತಿದ್ದರು, ಬಣ್ಣವೂ ಬೇರೆ. ಆ ವರ್ಷದ ಶುಲ್ಕ ಕಟ್ಟದವರನ್ನು ಪೊಲೀಸರು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಅವಧಿ ಮುಗಿದದ್ದನ್ನು ಜನ ಬಿಚ್ಚಿ ಗ್ಯಾರೇಜಿನ ಗೋಡೆಗೆ ಹೊಡೆದರು. ಸಂಗ್ರಹದ ಹವ್ಯಾಸ ಹುಟ್ಟಿದ್ದು ಆ ಗೋಡೆಗಳಿಂದಲೇ ಎನ್ನಬೇಕು.

ಮೊದಮೊದಲು ಸರ್ಕಾರ ಪ್ಲೇಟನ್ನೇ ಕೊಡುತ್ತಿರಲಿಲ್ಲ. 1901ರಲ್ಲಿ ನ್ಯೂಯಾರ್ಕ್ ರಾಜ್ಯ ಪ್ಲೇಟು ಕಡ್ಡಾಯ ಮಾಡಿದಾಗ ಮಾಲೀಕರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಾವೇ ಮಾಡಿಸಿ ಹಾಕಿಕೊಳ್ಳಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲೂ ಹೀಗೇ. ಚರ್ಮದ ಮೇಲೆ, ಮರದ ಹಲಗೆಯ ಮೇಲೆ, ತಗಡಿನ ಮೇಲೆ, ಅವರವರಿಗೆ ಅನುಕೂಲವಾದ ಹಾಗೆ. 1914ರಲ್ಲಿ ರಾಜ್ಯವೇ ಪ್ಲೇಟು ಕೊಡಲು ಶುರುಮಾಡಿತು. ಕಬ್ಬಿಣದ ಮೇಲೆ ಪಿಂಗಾಣಿ ಮೆರುಗಿನ ಪ್ಲೇಟುಗಳು ಅವು. ಒಂದನ್ನು ಹತ್ತಿರದಿಂದ ನೋಡಿ: ಬೋಲ್ಟಿನ ತೂತಿನ ಸುತ್ತ ಮೆರುಗು ಚಕ್ಕೆಯೆದ್ದು ಒಳಗಿನ ಕಬ್ಬಿಣ ಕಂದಾಗಿರುತ್ತದೆ, ಉಳಿದ ಕಡೆ ಬಣ್ಣ ಇವತ್ತಿಗೂ ಮಿಂಚುತ್ತದೆ. 1916ರ ಪ್ಲೇಟಿಗೆ ವರ್ಷವರ್ಷ ಒಂದೊಂದು ಪುಟ್ಟ ಲೋಹದ ಬಿಲ್ಲೆ ಸೇರಿಸುತ್ತಿದ್ದರು. ಮೊದಲ ವರ್ಷ ಕರಡಿ, 1917ಕ್ಕೆ ಪಾಪಿ ಹೂವು, 1918ಕ್ಕೆ ಗಂಟೆ, 1919ಕ್ಕೆ ನಕ್ಷತ್ರ. ಎರಡನೇ ಮಹಾಯುದ್ಧದಲ್ಲಿ ಉಕ್ಕಿಗೆ ಬರ ಬಂದಾಗ ಇಲಿನಾಯ್ ರಾಜ್ಯ ಸೋಯಾದಿಂದ ಮಾಡಿದ ರಟ್ಟಿನ ಪ್ಲೇಟು ಹಂಚಿತು, ದನಕರುಗಳು ಅದನ್ನು ಮೆಲ್ಲುತ್ತಿದ್ದವು. ಯುದ್ಧಕಾಲದ ಅಭಾವವನ್ನು ಇಷ್ಟು ಚೆನ್ನಾಗಿ ಹೇಳುವ ವಸ್ತು ನಾನಂತೂ ಬೇರೆ ಕಂಡಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. 1956ರ ಏಕೀಕರಣಕ್ಕೆ ಮುಂಚೆ ಕನ್ನಡ ಮಾತಾಡುವ ಊರುಗಳ ಗಾಡಿಗಳೆಲ್ಲ ಒಂದೇ ಅಕ್ಷರ ಹೊತ್ತಿರಲಿಲ್ಲ. ಮಂಗಳೂರಿನವು ಮದ್ರಾಸಿನ ಲೆಕ್ಕದಲ್ಲಿ, ಹುಬ್ಬಳ್ಳಿಯವು ಮುಂಬೈ ಲೆಕ್ಕದಲ್ಲಿ, ಕಲಬುರಗಿಯವು ಹೈದರಾಬಾದಿನ ಲೆಕ್ಕದಲ್ಲಿ. ಆಮೇಲೆ ಎಲ್ಲವೂ ಮೈಸೂರು ರಾಜ್ಯದ ಎಂ.ವೈ. ಅಡಿಯಲ್ಲಿ ಬಂದವು, ಮೂರನೇ ಅಕ್ಷರ ಜಿಲ್ಲೆಯ ಗುರುತು. ಎಂ.ವೈ.ಎಕ್ಸ್. ಎಂದರೆ ದಕ್ಷಿಣ ಕನ್ನಡ. ಸಿ.ಎ., ಎಂ.ಇ. ಸಾಲುಗಳೂ ಸೇರಿಕೊಂಡವು. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ಕ್ಕೆ ಜಾರಿಯಾಗಿ ಕೆ.ಎ. ಬಂತು. ನಾಡು ಒಂದಾದ ಕಥೆ ಬಂಪರಿನ ಮೇಲೆ ಬರೆದುಕೊಂಡೇ ಓಡಾಡುತ್ತಿತ್ತು. ಅಂಥ ಗಾಡಿಗಳು ಮೂಲ ನಂಬರಿನ ಜೊತೆ ಇನ್ನೂ ಎಷ್ಟು ಉಳಿದಿವೆಯೋ ಅಷ್ಟೂ ಅಮೂಲ್ಯ.

ಅಕ್ಷರದ ಚೆಂದದ ವಿಷಯದಲ್ಲಂತೂ ನಾನು ನಮ್ಮವರ ಕಡೆಗೇ. ಇಲ್ಲಿಯದು ಅಚ್ಚೊತ್ತಿದ ಅಕ್ಷರ, ಲಕ್ಷಾಂತರ ಪ್ಲೇಟುಗಳೂ ಒಂದೇ ತರಹ. ನಮ್ಮಲ್ಲಿ ಪೇಂಟರು ಕಪ್ಪು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಕುಂಚ ಹಿಡಿದು ಬಿಳಿ ಎನಾಮಲ್‌ನಲ್ಲಿ ಬರೆಯುತ್ತಿದ್ದರು. ಎಂಟರ ಸೊಂಟ ಒಬ್ಬರದು ಸಣ್ಣ, ಇನ್ನೊಬ್ಬರದು ದಪ್ಪ. ಕೆಲವರು ಅಕ್ಷರದ ಬಲಕ್ಕೆ ಕೆಂಪು ನೆರಳು ಕೊಡುತ್ತಿದ್ದರು. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ತಮ್ಮ 'ಆರ್ಟ್ಸ್' ಹೆಸರು. ಬಿಸಿಲಿಗೆ ಬಣ್ಣ ಮಾಸಿದಾಗ ಅದೇ ಗೆರೆಯ ಮೇಲೆ ಮತ್ತೊಬ್ಬರ ಕೈ ಓಡಿದ್ದು ಕಾಣುತ್ತದೆ.

ಎಚ್‌ಎಸ್‌ಆರ್‌ಪಿ, ಅಂದರೆ ಈಗಿನ ಅತಿ ಸುರಕ್ಷಿತ ನಂಬರ್ ಪ್ಲೇಟು, ಬೇಡ ಎಂಬ ವಾದ ನನ್ನದಲ್ಲ. ಕಳವು, ನಕಲಿ ನಂಬರು ತಡೆಯಲು ಹಾಲೋಗ್ರಾಂ, ಲೇಸರ್ ಸಂಖ್ಯೆ, ಬಿಚ್ಚಲಾಗದ ಲಾಕು ಬೇಕು, ಒಪ್ಪಿದೆ. ಆದರೆ 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳೆಲ್ಲ ಹೊಸ ಪ್ಲೇಟು ಹಾಕಿಸಬೇಕು ಎಂದಾಗ, ಮೊನ್ನೆ ಮೊನ್ನೆಯ ಕಾರನ್ನೂ 1980ರ ಸ್ಕೂಟರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಹಾಗಾಯಿತು. ಬ್ರಿಟನ್ನಿನಲ್ಲಿ 1980ಕ್ಕೆ ಮೊದಲು ತಯಾರಾದ ಗಾಡಿಗಳು ಹಳೆಯ ಶೈಲಿಯ ಕಪ್ಪು ಪ್ಲೇಟನ್ನೇ ಹಾಕಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರಿಗೆ, ಅದು ತಯಾರಾದ ವರ್ಷದ ಅಸಲಿ ಪ್ಲೇಟು ಹುಡುಕಿ ತಂದರೆ ಅದನ್ನೇ ನೋಂದಣಿ ಮಾಡಿಕೊಡುತ್ತಾರೆ. ಎರಡೂ ಕಡೆ ಪೊಲೀಸು, ಕ್ಯಾಮೆರಾ ಎಲ್ಲ ಇವೆ, ಕಾನೂನೇನೂ ಸಡಿಲವಾಗಿಲ್ಲ.

ಭಾರತದಲ್ಲೂ 2021ರ ವಿಂಟೇಜ್ ನಿಯಮ ಬಂದಿದೆ. 50 ವರ್ಷ ದಾಟಿದ, ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರು ಉಳಿಸಿಕೊಳ್ಳಬಹುದು. ಒಳ್ಳೆಯದೇ, ಆದರೆ ಆ ನಿಯಮ ಕಾಯುವುದು ನಂಬರನ್ನು. ಬರೆದ ಕೈಯ ಗುರುತು ಅದರ ಲೆಕ್ಕಕ್ಕೆ ಬಂದಿಲ್ಲ. ನನ್ನ ಕೇಳಿಕೆ ಚಿಕ್ಕದು. ಕರ್ನಾಟಕಕ್ಕೆ ವಯಸ್ಸಿನ ಲೆಕ್ಕಾಚಾರವೇ ಬೇಡ, ಗಡಿ ತಾನಾಗಿಯೇ ಇದೆ: ಕೆ.ಎ. ಬರುವ ಮುಂಚಿನ ಮೂರಕ್ಷರದ ಗಾಡಿಗಳು. ಅವು ಪ್ರದರ್ಶನಕ್ಕೋ ರ‍್ಯಾಲಿಗೋ ಹೋದಾಗಲಾದರೂ ಕೈಬರಹದ ಕಪ್ಪು ಪ್ಲೇಟು ಹಾಕಿಕೊಳ್ಳಲು ಅನುಮತಿ ಕೊಡಬೇಕು. ಅನುಮತಿ ಬರುವ ತನಕ, ಮನೆಯಲ್ಲಿ ಅಂಥ ಗಾಡಿ ಇದ್ದವರು ಪ್ಲೇಟಿನದೊಂದು ನೇರ ಫೋಟೊ ತೆಗೆದು, ಯಾವ ಊರಿನ ನೋಂದಣಿ, ಯಾವ ಇಸವಿ, ಬರೆದ ಪೇಂಟರು ಯಾರು ಎಂದು ಹಿರಿಯರನ್ನು ಕೇಳಿ ಗುರುತು ಹಾಕಿಡಿ. ಆ ಪೇಂಟರುಗಳಲ್ಲಿ ಹಲವರು ಇನ್ನೂ ಇದ್ದಾರೆ.