ಬಂದೂಕಿಗೆ ದೃಷ್ಟಿ ತಾಗೀತು

ಉಣ್ಣುವವರ ಎಲೆಯ ರೊಟ್ಟಿ ಎಣಿಸಬಾರದು, ದೃಷ್ಟಿ ತಾಗುತ್ತೆ ಅಂತಾರೆ ನಮ್ಮ ಕಡೆ. ಅಮೆರಿಕದಲ್ಲಿ ಈ ಮಡಿ ಬಂದೂಕಿಗಿದೆ. ಬೇಸ್‌ಬಾಲ್ ಆಟಗಾರ ಎಡಗೈ ಪಿಚರ್ ಎದುರು ಎಷ್ಟು ಹೊಡೆದ ಅನ್ನೋದನ್ನೂ ಬರೆದಿಡುವ ದೇಶ ಅದು. ಬಂದೂಕು ಎಷ್ಟಿವೆ ಅಂತ ಕೇಳಿ, ಸರ್ಕಾರ ಸೂರು ನೋಡುತ್ತೆ. 2018ರಲ್ಲಿ ಜಿನೀವಾದ ಒಂದು ಸಂಸ್ಥೆ ಅಂದಾಜು ಮಾಡಿ ಹೇಳಿತು: ಜನರ ಕೈಯಲ್ಲಿ ಸುಮಾರು 39 ಕೋಟಿ. ತೊಟ್ಟಿಲ ಕೂಸಿಗೂ ಒಂದೊಂದು ಹಂಚಿ ಇನ್ನೂ ಮಿಗುತ್ತೆ.

ಎಣಿಸದಿರುವುದು ಸುಮ್ನೆ ಬರುವ ವಿದ್ಯೆಯಲ್ಲ, ಕಾನೂನು ಮಾಡಬೇಕು. 1996ರಲ್ಲಿ ಸಿಡಿಸಿ ಎಂಬ ಆರೋಗ್ಯ ಸಂಸ್ಥೆಗೆ ಸಂಸತ್ತು ಒಂದು ಷರತ್ತು ಹಾಕಿತು: ನಿಮ್ಮ ದುಡ್ಡಿನಲ್ಲಿ ಬಂದೂಕು ನಿಯಂತ್ರಣದ ಪರ ವಕಾಲತ್ತು ಬೇಡ. ಗುಂಡೇಟಿನ ಅಧ್ಯಯನ ಬೇಡ ಅಂದಿರಲಿಲ್ಲ, ಪಾಪ. ಆದರೆ ಹಿಂದಿನ ವರ್ಷ ಆ ಅಧ್ಯಯನಕ್ಕೆ ಹೋಗಿದ್ದ 26 ಲಕ್ಷ ಡಾಲರನ್ನು ಅಷ್ಟಕ್ಕಷ್ಟೇ ತೆಗೆದು, ತಲೆಪೆಟ್ಟಿನ ಬಾಬ್ತಿಗೆ ಹಾಕಿತು. ತಲೆಗೆ ಪೆಟ್ಟು ಬಿದ್ದರೆ ಅಧ್ಯಯನ ಮಾಡಿ, ಏನು ಬಡಿಯಿತು ಅಂತ ಕೇಳಬೇಡಿ! ಸನ್ನೆ ಅರ್ಥವಾಯ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸ್ಥೆ ಆ ಕಡೆ ತಲೆ ಹಾಕಲಿಲ್ಲ. ಈ ಷರತ್ತಿನ ತಿದ್ದುಪಡಿ ತಂದ ಸಂಸದ ಜೇ ಡಿಕಿ ಅವರೇ 2012ರಲ್ಲಿ ಸಂಶೋಧನೆ ಬೇಕಿತ್ತು ಅಂತ ಬರೆದರು. ಅಷ್ಟರಲ್ಲಿ ಅವರ ಕೈಯಲ್ಲಿ ಓಟಿರಲಿಲ್ಲ.

ಇದಕ್ಕಿಂತ ಸೊಗಸು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್ ಕಚೇರಿ. ಕೊಲೆಗೆ ಬಳಸಿದ ಬಂದೂಕು ಯಾರು ಕೊಂಡಿದ್ದು ಅಂತ ಪತ್ತೆ ಮಾಡುವ ಜಾಗ. 1986ರ ಕಾನೂನಿನ ಪ್ರಕಾರ ಬಂದೂಕು ಮಾಲೀಕರ ಕೇಂದ್ರ ಪಟ್ಟಿ ಇರಕೂಡದು. ಹಾಗಾಗಿ ಬಾಗಿಲು ಮುಚ್ಚಿದ ಅಂಗಡಿಗಳ ಕಡತ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತೆ, ಸ್ಕ್ಯಾನ್ ಆಗುತ್ತೆ. ಆದರೆ ಹೆಸರು ಟೈಪಿಸಿ ಹುಡುಕುವಂತಿಲ್ಲ. ಸಿಬ್ಬಂದಿ ಒಂದೊಂದೇ ಪುಟ ತಿರುವಬೇಕು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಸರ್ಕಾರ!

ಸರ್ಕಾರ ಎಣಿಸದಿದ್ದರೇನು, ಸ್ವಯಂಸೇವಕರು ಬೇಕಾದಷ್ಟಿದ್ದಾರೆ. ಬಂದೂಕು ಹಿಡಿದು ತಮ್ಮನ್ನು ತಾವು ಕಾಪಾಡಿಕೊಂಡ ಘಟನೆ ವರ್ಷಕ್ಕೆ 25 ಲಕ್ಷ ಅಂತ 1995ರಲ್ಲಿ ಇಬ್ಬರು ಸಂಶೋಧಕರು ಹೇಳಿದರು. ಸುಮಾರು 5,000 ಜನಕ್ಕೆ ಫೋನ್ ಮಾಡಿ, ಹೌದು ಅಂದ ಕೆಲವೇ ಜನರನ್ನು ಇಡೀ ದೇಶಕ್ಕೆ ಗುಣಿಸಿದ್ದು. ಸರ್ಕಾರದ ಅಪರಾಧ ಸಮೀಕ್ಷೆಯಲ್ಲಿ ಅದು ಒಂದು ಲಕ್ಷದ ಆಸುಪಾಸು. ಉಳಿದ 24 ಲಕ್ಷ ಕಳ್ಳರು ಯಾವ ಠಾಣೆಗೂ ಸಿಗದೆ ಭಾಷಣಗಳಲ್ಲಿ ಓಡಾಡಿಕೊಂಡಿದ್ದಾರೆ.

ನಿಯಂತ್ರಣ ಬೇಕೆನ್ನುವ ಆಚೆ ಬಣವೂ ಲೆಕ್ಕದಲ್ಲಿ ಉದಾರಿಯೇ. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತಾಗ, ಈ ವರ್ಷ ಇದು 18ನೇ ಶಾಲಾ ಗುಂಡಿನ ದಾಳಿ ಅಂತ ಹಬ್ಬಿಸಿದರು. ಬಿಚ್ಚಿ ನೋಡಿದರೆ, ಮುಚ್ಚಿಹೋಗಿದ್ದ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಒಬ್ಬ ಆತ್ಮಹತ್ಯೆ ಮಾಡಿಕೊಂಡಿದ್ದೂ ಅದರಲ್ಲಿ ಸೇರಿತ್ತು. ಸತ್ತ 17 ಜನ ಸಾಲದಾದರೇನೋ.

2021ರಲ್ಲಿ ಗುಂಡೇಟಿಗೆ ಸತ್ತವರು 48,830. ಇದು ಮರಣಪತ್ರಗಳಿಂದ ಬಂದ ಲೆಕ್ಕ, ಅದರಲ್ಲಿ ತಕರಾರಿಲ್ಲ. ಇವರಲ್ಲಿ 26,328 ಮಂದಿ ತಾವೇ ಪ್ರಾಣ ಕಳಕೊಂಡವರು. ನಿಯಂತ್ರಣ ಬೇಕೆನ್ನುವವರು ಪೂರ್ತಿ ಮೊತ್ತ ಹೇಳಿ ಶಾಲೆಯ ಚಿತ್ರ ತೋರಿಸುತ್ತಾರೆ. ಬೇಡವೆನ್ನುವವರು 26,328 ಕಳೆದು, ನೋಡಿ, ಅರ್ಧಕ್ಕರ್ಧ ಕಮ್ಮಿಯಾಯ್ತು ಅಂತ ಹಗುರಾಗುತ್ತಾರೆ. ಕೂಡಿ ಕಳೆದು ಮುಗಿದ ಮೇಲೆ ತಾವೇ ಪ್ರಾಣ ಕಳಕೊಂಡವರ ಸುದ್ದಿ ಯಾರಿಗೂ ಬೇಡ. ಚರ್ಚೆಗೆ ಒಗ್ಗದ ಸಾವು ಅದು. ಕಳ್ಳನೂ ಇಲ್ಲ, ಕಾಪಾಡಿದ ವೀರನೂ ಇಲ್ಲ.